ಲಂಡನ್ನಿನ ಲೈಸೊಸೋಮ್ ಗೋಷ್ಠಿ, ೧೯೬೩: ಒಂದು ಹೆಸರಿನ ಚರಿತ್ರೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸ್ಥಳಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದು ಪ್ರಯೋಗಶಾಲೆ, ಇನ್ನೊಂದು ಅಚ್ಚಾದ ಪತ್ರಿಕೆ. ಇವೆರಡರ ನಡುವೆ ಮೂರನೆಯದೊಂದು ಸ್ಥಳವುಂಟು. ಇಪ್ಪತ್ತು ಮೂವತ್ತು ಮಂದಿ ವಿದ್ವಾಂಸರು ಮೂರು ನಾಲ್ಕು ದಿನ ಒಟ್ಟಿಗೆ ಕೂಡಿ, ಒಟ್ಟಿಗೆ ಉಂಡು, ಒಂದೇ ವಿಷಯವನ್ನು ಕುರಿತು ವಾದಿಸುವ ವಸತಿ ಸಮ್ಮೇಳನವೇ ಅದು. ಇಪ್ಪತ್ತನೆಯ ಶತಮಾನದ ವಿಜ್ಞಾನದಲ್ಲಿ ಈ ಬಗೆಯ ಕೂಟಗಳಿಗೆ ದೊಡ್ಡ ಪಾತ್ರವಿದ್ದರೂ ಚರಿತ್ರಕಾರರು ಇವುಗಳ ಕಡೆಗೆ ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನಮಗೆ ತೋರುತ್ತದೆ. ೧೯೬೩ರ ಫೆಬ್ರವರಿ ೧೨ರಿಂದ ೧೪ರ ವರೆಗೆ ಲಂಡನ್ನಿನಲ್ಲಿ ನಡೆದ ಅಂಥದೊಂದು ಗೋಷ್ಠಿಯನ್ನು ತೆಗೆದುಕೊಂಡು, ಅಲ್ಲಿ ನಿಜವಾಗಿ ಆದದ್ದೇನು, ಆದದ್ದು ನಮಗೆ ತಿಳಿದದ್ದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗೋಷ್ಠಿಯ ವಿಷಯ ಲೈಸೊಸೋಮ್. ಜೀವಕೋಶದೊಳಗೆ ಪೊರೆಯಿಂದ ಸುತ್ತುವರಿದ, ಜೀರ್ಣಕಾರಿ ಕಿಣ್ವಗಳನ್ನು ಒಳಗೊಂಡ ಸಣ್ಣ ಕೋಶಿಕೆಗೆ ಈ ಹೆಸರು. ಲಂಡನ್ ಗೋಷ್ಠಿಯಲ್ಲಿ ಬೆಲ್ಜಿಯಂ ದೇಶದ ಕ್ರಿಸ್ಟಿಯನ್ ಡಿ ಡ್ಯೂವ್ ಅವರು ಒಂದು ಹೊಸ ಪದವನ್ನು ಮುಂದಿಟ್ಟರು: ಆಟೋಫೇಜಿ. ಗ್ರೀಕ್ ಭಾಷೆಯಲ್ಲಿ ‘ತಾನು’ ಮತ್ತು ‘ತಿನ್ನು’ ಎಂಬ ಅರ್ಥದ ಎರಡು ಶಬ್ದಗಳು ಸೇರಿ ಆದದ್ದು ಇದು. ಜೀವಕೋಶವು ತನ್ನದೇ ಒಡಲಿನ ಒಂದು ಭಾಗವನ್ನು, ಹಳೆಯದಾದ ಅಥವಾ ಕೆಟ್ಟುಹೋದ ಅಂಗಕಗಳನ್ನು, ಪೊರೆಯ ಚೀಲವೊಂದರಲ್ಲಿ ಸುತ್ತಿ ಲೈಸೊಸೋಮಿಗೆ ಒಪ್ಪಿಸಿ, ಜೀರ್ಣವಾದ ವಸ್ತುವನ್ನು ಮತ್ತೆ ಕಟ್ಟಡದ ಸಾಮಗ್ರಿಯಾಗಿ ಬಳಸಿಕೊಳ್ಳುವ ಕ್ರಿಯೆಗೆ ಅವರು ಇಟ್ಟ ಹೆಸರು. ನಾವು ಇದನ್ನು ‘ಸ್ವಭಕ್ಷಣ’ ಎಂದು ಕರೆಯುತ್ತೇವೆ. ‘ಆತ್ಮಭಕ್ಷಣ’ ಎನ್ನಬಹುದಿತ್ತು; ಆದರೆ ‘ಆತ್ಮ’ ಎಂದ ಕೂಡಲೇ ನಮ್ಮ ಓದುಗರ ಮನಸ್ಸು ವೇದಾಂತದ ಕಡೆಗೆ ತಿರುಗೀತೆಂಬ ಭಯದಿಂದ ಅದನ್ನು ಬಿಟ್ಟಿದ್ದೇವೆ.

ಹೆಸರಿಗಿಂತ ಮೊದಲು ವಸ್ತು ಇತ್ತು. ಆದಕಾರಣ ಕಥೆಯನ್ನು ಕೆಲವು ವರ್ಷ ಹಿಂದಕ್ಕೆ ಒಯ್ಯಬೇಕಾಗುತ್ತದೆ. ೧೯೪೯ರಲ್ಲಿ ಡಿ ಡ್ಯೂವ್ ಅವರು ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಇಲಿಯ ಯಕೃತ್ತಿನ ಮೇಲೆ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಪರೀಕ್ಷಿಸುತ್ತಿದ್ದರು. ಹೋಲಿಕೆಗಾಗಿ ಆಸಿಡ್ ಫಾಸ್ಫಟೇಸ್ ಎಂಬ ಬೇರೊಂದು ಕಿಣ್ವವನ್ನೂ ಅಳೆದರು. ಬಿರುಸಾದ ಯಂತ್ರದಲ್ಲಿ ಅರೆದ ಯಕೃತ್ತಿನಲ್ಲಿ ಕಾಣುತ್ತಿದ್ದ ಪ್ರಮಾಣದ ಹತ್ತನೆಯ ಒಂದು ಪಾಲು ಮಾತ್ರ ಮೃದುವಾಗಿ ಅರೆದ ಯಕೃತ್ತಿನಲ್ಲಿ ಸಿಕ್ಕಿತು. ಲೆಕ್ಕ ತಪ್ಪಿರಬೇಕೆಂದು ಕೈಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದೇ ಮಾದರಿಯನ್ನು ಐದು ದಿನ ಶೀತಪೆಟ್ಟಿಗೆಯಲ್ಲಿಟ್ಟು ಮತ್ತೆ ಅಳೆದಾಗ ಕಾಣೆಯಾಗಿದ್ದ ಕಿಣ್ವವೆಲ್ಲ ಹೊರಬಂದಿತ್ತು. ಕಿಣ್ವವು ಒಂದು ಪೊರೆಯ ಒಳಗೆ ಅಡಗಿತ್ತು, ಪೊರೆ ಹಳಸಿದ ಮೇಲೆ ಹೊರಗೆ ಬಂದಿತು ಎಂಬುದೇ ಇದಕ್ಕೆ ಸರಿಯಾದ ವಿವರಣೆ. ಮುಂದೆ, ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದಾಗ ಐದು ಬೇರೆ ಬೇರೆ ಜೀರ್ಣಕಾರಿ ಕಿಣ್ವಗಳು ಒಂದೇ ಅಂಶದಲ್ಲಿ ಒಟ್ಟಿಗೆ ತೋರಿಬಂದುವು. ೧೯೫೫ರಲ್ಲಿ ಡಿ ಡ್ಯೂವ್ ಮತ್ತು ಅವರ ಸಂಗಡಿಗರು ಇವೆಲ್ಲವನ್ನೂ ಹೊತ್ತ ಒಂದು ಹೊಸ ಕಣವನ್ನು ಪ್ರತಿಪಾದಿಸಿ ಅದಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. ಆಗ ಅದನ್ನು ಅವರು ಕಣ್ಣಿನಿಂದ ಕಂಡಿರಲಿಲ್ಲ. ಅಳತೆಯಿಂದ, ತರ್ಕದಿಂದ ಮಾತ್ರ ತಿಳಿದಿದ್ದರು.

ಕಂಡವರು ಬೇರೆ. ಅಮೆರಿಕದ ಅಲೆಕ್ಸ್ ನೊವಿಕಾಫ್ ಎಂಬ ಜೀವಕೋಶ ವಿಜ್ಞಾನಿ ೧೯೫೫ರಲ್ಲಿ ಲೂವೆನ್ನಿಗೆ ಬಂದು, ಆ ಅಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕೆಲಸದಲ್ಲಿ ಕೈಜೋಡಿಸಿದರು. ಅದರ ಫಲ ೧೯೫೬ರಲ್ಲಿ ಪ್ರಕಟವಾಯಿತು. ಈ ನೊವಿಕಾಫ್ ಅವರ ಹಿನ್ನೆಲೆಯನ್ನು ಇಲ್ಲಿ ಹೇಳದೆ ಹೋಗುವುದು ಸರಿಯಲ್ಲ. ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ತಮ್ಮ ಹಿಂದಿನ ಕಮ್ಯುನಿಸ್ಟ್ ಸಂಬಂಧಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಕೊಡಲು ನಿರಾಕರಿಸಿದ್ದಕ್ಕಾಗಿ ೧೯೫೩ರಲ್ಲಿ ವರ್ಮಾಂಟ್ ವಿಶ್ವವಿದ್ಯಾನಿಲಯವು ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದ ತೆಗೆದುಹಾಕಿತ್ತು. ೧೯೫೫ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜು ಅವರಿಗೆ ಸ್ಥಾನ ಕೊಟ್ಟಿತು. ವರ್ಮಾಂಟ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಪದವಿ ಕೊಟ್ಟದ್ದು ಮೂವತ್ತು ವರ್ಷ ಕಳೆದ ಮೇಲೆ, ೧೯೮೩ರಲ್ಲಿ.

೧೯೫೭ರಲ್ಲಿ ಸ್ಯಾಮ್ ಕ್ಲಾರ್ಕ್ ಎಂಬ ಅಂಗರಚನಾ ವಿದ್ವಾಂಸರು ಎಳೆಯ ಇಲಿಮರಿಗಳ ಮೂತ್ರಪಿಂಡದ ಕೋಶಗಳಲ್ಲಿ ಪೊರೆಯೊಳಗೆ ಸಿಕ್ಕಿಬಿದ್ದ ಮೈಟೊಕಾಂಡ್ರಿಯಗಳನ್ನು ಕಂಡರು. ಅಂಥ ಕಾಯಗಳಲ್ಲಿ ಆಸಿಡ್ ಫಾಸ್ಫಟೇಸ್ ಇದೆಯೆಂಬುದನ್ನು ೧೯೫೯ರಲ್ಲಿ ನೊವಿಕಾಫ್ ತಮ್ಮ ವರ್ಣಲೇಪನ ವಿಧಾನದಿಂದ ತೋರಿಸಿದರು. ೧೯೬೨ರಲ್ಲಿ ಥಾಮಸ್ ಆಶ್‌ಫರ್ಡ್ ಮತ್ತು ಕೀತ್ ಪೋರ್ಟರ್ ಅವರು ಗ್ಲುಕಗಾನ್ ಎಂಬ ಹಾರ್ಮೋನನ್ನು ಹಾಯಿಸಿದ ಇಲಿಯ ಯಕೃತ್ತಿನಲ್ಲಿ, ಅರೆಜೀರ್ಣವಾದ ಮೈಟೊಕಾಂಡ್ರಿಯ ಮೊದಲಾದವುಗಳನ್ನು ಹೊತ್ತ ಕಾಯಗಳು ಹೆಚ್ಚುವುದನ್ನು ವರದಿ ಮಾಡಿದರು. ಹೀಗೆ ೧೯೬೩ ಬರುವ ವೇಳೆಗೆ ಅಳೆದವರ ಒಂದು ಗುಂಪೂ ಕಂಡವರ ಒಂದು ಗುಂಪೂ ಏರ್ಪಟ್ಟಿದ್ದುವು. ಅಳೆದವರಿಗೆ ತಾವು ಅಳೆದದ್ದರ ಆಕಾರ ಸ್ಪಷ್ಟವಿರಲಿಲ್ಲ. ಕಂಡವರಿಗೆ ತಾವು ಕಂಡದ್ದರ ಅರ್ಥ ಸ್ಪಷ್ಟವಿರಲಿಲ್ಲ. ನಮ್ಮ ವಿಷಯದಲ್ಲಿಯೂ ಇಂಥ ಸ್ಥಿತಿ ಅಪರಿಚಿತವಲ್ಲ. ಶಾಸನವನ್ನು ಓದುವವರೂ ನಾಣ್ಯವನ್ನು ತೂಗುವವರೂ ಒಬ್ಬನೇ ಅರಸನನ್ನು ಕುರಿತು, ಒಬ್ಬರ ಬರಹವನ್ನು ಇನ್ನೊಬ್ಬರು ನೋಡದೆ, ಬರೆಯುತ್ತಿದ್ದ ಕಾಲ ನಮ್ಮಲ್ಲಿಯೂ ಇತ್ತು.

ಈ ಎರಡು ಗುಂಪುಗಳು ಕೂಡಿದ ಮನೆ ಲಂಡನ್ನಿನ ಪೋರ್ಟ್‌ಲೆಂಡ್ ಪ್ಲೇಸ್ ಬೀದಿಯ ೪೧ನೆಯದು. ಸ್ವಿಟ್ಸರ್ಲೆಂಡಿನ ಸೀಬಾ ಎಂಬ ಔಷಧ ತಯಾರಿಕೆಯ ಸಂಸ್ಥೆಯ ಹಣದಿಂದ ೧೯೪೯ರಲ್ಲಿ ಅಲ್ಲಿ ಸೀಬಾ ಪ್ರತಿಷ್ಠಾನ ಆರಂಭವಾಗಿತ್ತು. ಮಹಾಯುದ್ಧದಲ್ಲಿ ತುಂಡುತುಂಡಾಗಿದ್ದ ಅಂತರರಾಷ್ಟ್ರೀಯ ವಿದ್ವತ್ಸಂಪರ್ಕವನ್ನು ಮತ್ತೆ ಕಟ್ಟಬೇಕೆಂಬ ಆಸೆ ಅದರ ಹಿಂದಿತ್ತು. ಗಾರ್ಡನ್ ವುಲ್ಸ್‌ಟನ್‌ಹೋಮ್ ಅದರ ಮೊದಲ ನಿರ್ದೇಶಕರು. ಅದು ಕೇವಲ ಸಭಾಭವನವಲ್ಲ, ಹೊರಗಿನಿಂದ ಬಂದ ವಿಜ್ಞಾನಿಗಳು ತಂಗಲು ಕೊಠಡಿಗಳೂ ಇದ್ದ ಮನೆ. ಆಹ್ವಾನಿತರ ಸಂಖ್ಯೆಯನ್ನು ಇಪ್ಪತ್ತೈದು ಮೂವತ್ತಕ್ಕೆ ಮಿತಗೊಳಿಸುವುದು, ಪ್ರಬಂಧಕ್ಕಿಂತ ಚರ್ಚೆಗೆ ಹೆಚ್ಚು ಬೆಲೆ ಕೊಡುವುದು, ಆ ಚರ್ಚೆಯನ್ನೂ ಪ್ರಬಂಧಗಳ ಜೊತೆಯಲ್ಲಿಯೇ ಅಚ್ಚು ಹಾಕಿಸುವುದು ಈ ಮನೆಯ ಪದ್ಧತಿ. ಕೊನೆಯ ಪದ್ಧತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಗೋಷ್ಠಿ ನಡೆದದ್ದು ಇಂಗ್ಲೆಂಡು ಆ ಶತಮಾನದಲ್ಲಿ ಕಂಡ ಅತ್ಯಂತ ಕಠಿಣವಾದ ಚಳಿಗಾಲದ ನಡುವೆ. ಹಿಮ ಕರಗತೊಡಗಿದ್ದು ಮಾರ್ಚ್ ತಿಂಗಳಲ್ಲಿ. ಡಿ ಡ್ಯೂವ್ ಅವರಿಗೆ ಈ ಊರು ಒಂದು ಅರ್ಥದಲ್ಲಿ ಜನ್ಮಭೂಮಿ: ಮೊದಲ ಮಹಾಯುದ್ಧದ ಕಾಲದಲ್ಲಿ ಅವರ ತಂದೆತಾಯಿಗಳು ಬೆಲ್ಜಿಯಂ ಬಿಟ್ಟು ಬಂದಿದ್ದಾಗ, ೧೯೧೭ರಲ್ಲಿ, ಅವರು ಹುಟ್ಟಿದ್ದು ಲಂಡನ್ನಿನ ಸಮೀಪದ ಥೇಮ್ಸ್ ಡಿಟನ್ನಿನಲ್ಲಿ. ಅಚ್ಚಾದ ಸಂಪುಟದ ಮೊದಲ ಪ್ರಬಂಧ ಲೈಸೊಸೋಮಿನ ಪರಿಕಲ್ಪನೆಯನ್ನು ಕುರಿತು ಅವರು ಬರೆದದ್ದು. ಅದರ ಮುಂದಿನದೇ ನೊವಿಕಾಫ್ ಅವರದು, ವರ್ಣಲೇಪನ ವಿಧಾನಗಳಿಂದ ಲೈಸೊಸೋಮುಗಳ ಬಗ್ಗೆ ತಿಳಿದುಬಂದದ್ದನ್ನು ಕುರಿತದ್ದು. ಅಳೆದವರು ಮೊದಲು, ಕಂಡವರು ಅನಂತರ ಎಂಬ ಈ ಕ್ರಮ ಆಕಸ್ಮಿಕವಾಗಿರಲಾರದು. ಇವುಗಳಲ್ಲದೆ ಬಿಳಿಯ ರಕ್ತಕಣಗಳು ಬ್ಯಾಕ್ಟೀರಿಯಗಳನ್ನು ಹೇಗೆ ಜೀರ್ಣಿಸುತ್ತವೆ, ಎ ಜೀವಸತ್ತ್ವವು ಲೈಸೊಸೋಮಿನ ಪೊರೆಯನ್ನು ಹೇಗೆ ಸಡಿಲಿಸುತ್ತದೆ ಮುಂತಾದ ಪ್ರಬಂಧಗಳೂ ಇದ್ದುವು. ರೋಗದ ಪ್ರಶ್ನೆ ಅಂದು ಮೇಜಿನ ಮೇಲೆಯೇ ಇತ್ತು. ಅದು ಮುಂದೆ ಬಂದು ಸೇರಿದ್ದಲ್ಲ.

ಈಗ ಹೆಸರಿನ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಒಂದೇ ದೃಶ್ಯಕ್ಕೆ ಹಲವು ಹೆಸರುಗಳು ಸ್ಪರ್ಧಿಸುತ್ತಿದ್ದುವು. ನೊವಿಕಾಫ್ ಮತ್ತು ಎಸ್ನರ್ ಅವರು ೧೯೬೨ರಲ್ಲಿ ‘ಸೈಟೊಲೈಸೋಮ್’ ಎಂದಿದ್ದರು. ಹ್ರುಬಾನ್ ಮೊದಲಾದ ರೋಗಶಾಸ್ತ್ರಜ್ಞರು ೧೯೬೩ರಲ್ಲಿಯೇ ಪ್ರಕಟಿಸಿದ ಲೇಖನದಲ್ಲಿ ‘ಕೋಶದ್ರವ್ಯದ ಸ್ಥಳೀಯ ವಿಘಟನೆ’ ಎಂಬರ್ಥದ ಹೆಸರನ್ನು ಬಳಸಿದರು. ಇವುಗಳಲ್ಲಿ ಮೊದಲನೆಯದು ಒಂದು ವಸ್ತುವಿನ ಹೆಸರು; ಎರಡನೆಯದು ಒಂದು ಹಾನಿಯ ಹೆಸರು. ಡಿ ಡ್ಯೂವ್ ಅವರು ಸೂಚಿಸಿದ್ದು ಒಂದು ಕ್ರಿಯೆಯ ಹೆಸರು. ಈ ವ್ಯತ್ಯಾಸವೇ ನಿರ್ಣಾಯಕವಾಯಿತೆಂಬುದು ನಮ್ಮ ಅಭಿಪ್ರಾಯ. ಅದುವರೆಗೆ ಲೈಸೊಸೋಮಿಗೆ ‘ಆತ್ಮಹತ್ಯೆಯ ಚೀಲ’ ಎಂಬ ಅಡ್ಡಹೆಸರಿತ್ತು. ಅದನ್ನು ಪ್ರಚಾರಕ್ಕೆ ತಂದವರೂ ಡಿ ಡ್ಯೂವ್ ಅವರೇ. ಚೀಲ ಒಡೆದರೆ ಕೋಶ ಸಾಯುತ್ತದೆ. ಆದ್ದರಿಂದ ಲೈಸೊಸೋಮಿನ ಕಥೆ ಸಾವಿನ ಕಥೆ ಎಂಬುದು ಆ ಅಡ್ಡಹೆಸರಿನ ಧ್ವನಿ. ‘ಸ್ವಭಕ್ಷಣ’ ಎಂಬ ಪದವು ಅದೇ ದೃಶ್ಯವನ್ನು ಊಟದ ಕಡೆಗೆ ತಿರುಗಿಸಿತು. ಹೊರಗಿನಿಂದ ಬಂದದ್ದನ್ನು ತಿನ್ನುವುದು ಒಂದು ಬಗೆ, ತನ್ನನ್ನೇ ತಿನ್ನುವುದು ಇನ್ನೊಂದು ಬಗೆ. ಎರಡೂ ಬದುಕುವ ಉಪಾಯಗಳೇ ಎಂದು ಹೇಳಲು ಇದರಿಂದ ಸಾಧ್ಯವಾಯಿತು. ಕೋಶವು ಹೊರಗಿನ ವಸ್ತುವನ್ನು ಒಳಗೆ ಸೆಳೆದುಕೊಳ್ಳುವ ಕ್ರಿಯೆಗೆ ‘ಎಂಡೊಸೈಟೋಸಿಸ್’ ಎಂಬ ಹೆಸರು ಹುಟ್ಟಿದ್ದೂ ಇದೇ ಗೋಷ್ಠಿಯಲ್ಲಿ ಎಂಬುದನ್ನು ಗಮನಿಸಿದರೆ, ಡಿ ಡ್ಯೂವ್ ಅವರು ಬಿಡಿ ಪದವೊಂದನ್ನಲ್ಲ, ಒಂದು ಇಡೀ ಪದವ್ಯವಸ್ಥೆಯನ್ನು ಮುಂದಿಟ್ಟರೆಂಬುದು ಸ್ಪಷ್ಟವಾಗುತ್ತದೆ. ಬಾಲ್ಯದಲ್ಲಿ ಗ್ರೀಕ್ ಲ್ಯಾಟಿನ್‌ಗಳನ್ನು ಓದಿದ್ದು ಅವರಿಗೆ ಇಲ್ಲಿ ನೆರವಾಯಿತೆಂದು ಊಹಿಸಲು ಅವಕಾಶವಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ೧೯೬೩ರಲ್ಲಿ ಈ ಪದ ಹುಟ್ಟಿತೆಂಬ ಮಾತು ಅಕ್ಷರಶಃ ನಿಜವಲ್ಲ. ೧೮೫೯ರಲ್ಲಿಯೇ ಆನ್ಸೆಲ್ಮಿಯೇ ಎಂಬ ಫ್ರೆಂಚ್ ಲೇಖಕರು ಉಪವಾಸದಲ್ಲಿ ಪ್ರಾಣಿಯ ದೇಹ ತನ್ನನ್ನೇ ಬಳಸಿಕೊಂಡು ಬದುಕುವುದನ್ನು ಕುರಿತ ಬರಹದಲ್ಲಿ ‘ಓಟೊಫಾಜಿ’ ಎಂಬ ಫ್ರೆಂಚ್ ರೂಪವನ್ನು ಉಪಯೋಗಿಸಿದ್ದರು. ಇದನ್ನು ಈ ಕ್ಷೇತ್ರದ ವಿಜ್ಞಾನಿಗಳೇ ೨೦೧೭ರಲ್ಲಿ ಎತ್ತಿ ತೋರಿಸಿದ್ದಾರೆ. ಹಾಗಾದರೆ ಪ್ರಥಮ ಪ್ರಯೋಗದ ಕೀರ್ತಿಯನ್ನು ಡಿ ಡ್ಯೂವ್ ಅವರಿಂದ ಕಿತ್ತು ಆನ್ಸೆಲ್ಮಿಯೇ ಅವರಿಗೆ ಕೊಡಬೇಕೆ? ಕೋಶಕಾರನು ಹಾಗೆ ಮಾಡಬಹುದು, ಮಾಡಲೂ ಬೇಕು. ಚರಿತ್ರಕಾರನ ಲೆಕ್ಕ ಬೇರೆ. ೧೮೫೯ರ ಪದಕ್ಕೆ ಕೋಶದೊಳಗಿನ ಈ ಕ್ರಿಯೆಯ ಅರಿವಿರಲಿಲ್ಲ. ಆ ಪದದಿಂದ ಒಂದು ಪ್ರಯೋಗವೂ ಹುಟ್ಟಲಿಲ್ಲ, ಒಂದು ಪರಂಪರೆಯೂ ಬೆಳೆಯಲಿಲ್ಲ. ೧೯೬೩ರ ಪದವಾದರೋ ಅಳೆದವರೂ ಕಂಡವರೂ ಎದುರು ಕುಳಿತಿದ್ದ ಸಭೆಯಲ್ಲಿ ಮುಂದಿಟ್ಟದ್ದು, ಮುಂದಿನ ಸಂಶೋಧನೆಯೆಲ್ಲ ತನ್ನ ಹೆಸರಾಗಿ ಒಪ್ಪಿಕೊಂಡದ್ದು. ಆದರೆ ಇದೇ ತರ್ಕವನ್ನು ಕ್ಲಾರ್ಕ್, ಆಶ್‌ಫರ್ಡ್, ಪೋರ್ಟರ್, ನೊವಿಕಾಫ್ ಇವರ ವಿಷಯದಲ್ಲಿ ಬಳಸುವಂತಿಲ್ಲ. ಅವರ ಚಿತ್ರಗಳಿಲ್ಲದಿದ್ದರೆ ಹೆಸರಿಡಲು ವಸ್ತುವೇ ಇರುತ್ತಿರಲಿಲ್ಲ. ಹೆಸರಿಟ್ಟವರನ್ನು ನೆನೆದು, ಕಂಡವರನ್ನು ಮರೆಯುವುದು ಈಚಿನ ಸುಲಭ ಬರಹಗಳಲ್ಲಿ ವಾಡಿಕೆಯಾಗಿದೆ. ೧೯೭೪ರಲ್ಲಿ ಡಿ ಡ್ಯೂವ್ ಅವರು ಆಲ್ಬರ್ಟ್ ಕ್ಲೋಡ್ ಮತ್ತು ಜಾರ್ಜ್ ಪಲಾಡೆ ಅವರೊಡನೆ ನೊಬೆಲ್ ಬಹುಮಾನವನ್ನು ಪಡೆದರು. ನೊವಿಕಾಫ್ ಆ ಪಟ್ಟಿಯಲ್ಲಿರಲಿಲ್ಲ.

ರೋಗದ ವಿಷಯವಾಗಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ೧೯೩೨ರಲ್ಲಿ ಡಚ್ ವೈದ್ಯ ಪೊಂಪೆ ಅವರು, ಹೃದಯ ದೊಡ್ಡದಾಗಿ ಸತ್ತ ಒಂದು ಶಿಶುವಿನ ಸ್ನಾಯುಗಳಲ್ಲಿ ಗ್ಲೈಕೊಜೆನ್ ತುಂಬಿಕೊಂಡಿದ್ದುದನ್ನು ವರ್ಣಿಸಿದ್ದರು. ಕಾರಣ ತಿಳಿದಿರಲಿಲ್ಲ. (ಪೊಂಪೆ ಅವರನ್ನು ಜರ್ಮನ್ ಆಕ್ರಮಣದ ವಿರುದ್ಧ ಕೆಲಸ ಮಾಡಿದ್ದಕ್ಕಾಗಿ ೧೯೪೫ರ ಏಪ್ರಿಲ್ ತಿಂಗಳಲ್ಲಿ, ಯುದ್ಧ ಮುಗಿಯಲು ಕೆಲವೇ ವಾರಗಳಿದ್ದಾಗ, ಗುಂಡಿಕ್ಕಿ ಕೊಂದರು.) ಲಂಡನ್ ಗೋಷ್ಠಿ ನಡೆದ ೧೯೬೩ರಲ್ಲಿಯೇ, ಲೂವೆನ್ನಿನ ಹರ್ಸ್ ಅವರು ಆ ರೋಗಿಗಳಲ್ಲಿ ಗ್ಲೈಕೊಜೆನನ್ನು ಒಡೆಯುವ ಒಂದು ಲೈಸೊಸೋಮ್ ಕಿಣ್ವವೇ ಇಲ್ಲವೆಂದು ತೋರಿಸಿದರು. ತಿಂದದ್ದು ಜೀರ್ಣವಾಗದೆ ಒಳಗೇ ಉಳಿದರೆ ಏನಾಗುತ್ತದೆಂಬುದಕ್ಕೆ ಇದು ಮೊದಲನೆಯ ನಿದರ್ಶನ. ಆ ಕಿಣ್ವವನ್ನು ಹೊರಗಿನಿಂದ ಕೊಡುವ ಚಿಕಿತ್ಸೆಗೆ ಅನುಮತಿ ದೊರೆತದ್ದು ೨೦೦೬ರಲ್ಲಿ. ಕಾರಣ ತಿಳಿದ ಮೇಲೂ ನಲವತ್ತಮೂರು ವರ್ಷ.

ಹೆಸರು ಸಿಕ್ಕಿದ ಮೇಲೆ ವಿಜ್ಞಾನ ತೀವ್ರವಾಗಿ ಮುಂದುವರಿಯಿತೆಂದು ಓದುಗರು ಭಾವಿಸಬಹುದು. ಹಾಗಾಗಲಿಲ್ಲ. ೧೯೬೭ರಲ್ಲಿ ಡೀಟರ್ ಮತ್ತು ಡಿ ಡ್ಯೂವ್ ಅವರು ಗ್ಲುಕಗಾನಿನ ಪ್ರಭಾವವನ್ನು ದೃಢಪಡಿಸಿದರು. ೧೯೮೨ರಲ್ಲಿ ನಾರ್ವೆಯ ಪೆರ್ ಸೆಗ್ಲೆನ್ ಮತ್ತು ಅವರ ಸಹಾಯಕರು ಈ ಕ್ರಿಯೆಯನ್ನು ತಡೆಯುವ ಒಂದು ರಾಸಾಯನಿಕವನ್ನು ಗುರುತಿಸಿದರು. ಆದರೆ ಇದನ್ನು ನಡೆಸುವ ವಂಶವಾಹಿಗಳಾವುವೆಂಬುದು ಮೂವತ್ತು ವರ್ಷ ತಿಳಿಯಲೇ ಇಲ್ಲ. ಹೆಸರು ಪ್ರಶ್ನೆಯನ್ನು ರೂಪಿಸಬಲ್ಲದೇ ಹೊರತು ಉಪಕರಣವನ್ನು ಒದಗಿಸಲಾರದು. ಆ ಉಪಕರಣ ದೊರೆತದ್ದು ಯಕೃತ್ತಿನಲ್ಲಿ ಅಲ್ಲ, ಹಿಟ್ಟು ಹುದುಗಿಸುವ ಯೀಸ್ಟಿನಲ್ಲಿ. ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ೧೯೮೮ರಲ್ಲಿ ಸ್ವಂತ ಪ್ರಯೋಗಶಾಲೆಯನ್ನು ತೆರೆದ ಯೊಶಿನೊರಿ ಓಸುಮಿ ಅವರು, ಜೀರ್ಣಕಾರಿ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಹಸಿವಿಗೆ ಗುರಿಮಾಡಿ, ಅದರ ಕುಹರದಲ್ಲಿ ಜೀರ್ಣವಾಗದೆ ಉಳಿದ ಕಾಯಗಳು ಕುಣಿಯುವುದನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಂಡರು. ಇದು ೧೯೯೨ರಲ್ಲಿ ಪ್ರಕಟವಾಯಿತು. ಮರುವರ್ಷ ಸುಕಾಡಾ ಅವರೊಡನೆ ಹದಿನೈದು ವಿಕೃತ ತಳಿಗಳನ್ನು ಪ್ರಕಟಿಸಿದರು. ಅಲ್ಲಿಂದ ವಂಶವಾಹಿಗಳ ಬೇಟೆ ಆರಂಭ. ಓಸುಮಿ ಅವರಿಗೆ ೨೦೧೬ರ ನೊಬೆಲ್ ಬಹುಮಾನ ಬಂದಿತು. ೧೯೯೯ರಲ್ಲಿ ಅಮೆರಿಕದ ಬೆತ್ ಲೆವಿನ್ ಮತ್ತು ಅವರ ಸಂಗಡಿಗರು ಬೆಕ್ಲಿನ್ ಎಂಬ ವಂಶವಾಹಿಗೂ ಸ್ತನದ ಅರ್ಬುದ ರೋಗಕ್ಕೂ ಸಂಬಂಧವನ್ನು ಸೂಚಿಸಿದರು. ಆ ಸಂಬಂಧದ ಅರ್ಥವನ್ನು ಕುರಿತು ಮುಂದೆ ವಾದವೂ ನಡೆಯಿತು. ೨೦೦೬ರಲ್ಲಿ ಜಪಾನಿನ ಎರಡು ತಂಡಗಳು, ನರಕೋಶಗಳಲ್ಲಿ ಸ್ವಭಕ್ಷಣ ನಿಂತುಹೋದ ಇಲಿಗಳ ಮಿದುಳಿನಲ್ಲಿ ಪ್ರೋಟೀನಿನ ಕಸ ಕೂಡಿ ಚಲನೆ ಕುಂದುವುದನ್ನು ತೋರಿಸಿದುವು.

ಇಷ್ಟರಲ್ಲಿ ಹಳೆಯ ತೊಂದರೆ ಮತ್ತೆ ತಲೆದೋರಿತ್ತು. ಒಂದೇ ವಂಶವಾಹಿಗೆ ಒಂದೊಂದು ಪ್ರಯೋಗಶಾಲೆ ಒಂದೊಂದು ಹೆಸರಿಟ್ಟಿತ್ತು. ೨೦೦೩ರಲ್ಲಿ ಹಲವು ತಂಡಗಳು ಕೂಡಿ ‘ಎಟಿಜಿ’ ಎಂಬ ಏಕನಾಮವನ್ನು ಒಪ್ಪಿಕೊಂಡುವು. ಸ್ವಭಕ್ಷಣವನ್ನೇ ವಿಷಯವಾಗುಳ್ಳ ಗಾರ್ಡನ್ ಸಂಶೋಧನ ಸಮ್ಮೇಳನ ಮೊದಲ ಬಾರಿಗೆ ಸೇರಿದ್ದೂ ಅದೇ ವರ್ಷ. ಗಾರ್ಡನ್ ಸಮ್ಮೇಳನಗಳ ಮೂಲ ಪುರುಷರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ನೀಲ್ ಗಾರ್ಡನ್. ೧೯೩೧ರಲ್ಲಿ ಬಾಲ್ಟಿಮೋರಿನಲ್ಲಿ ಆರಂಭವಾಗಿ, ಕೆಲವು ವರ್ಷಗಳಲ್ಲಿ ಗಿಬ್ಸನ್ ದ್ವೀಪಕ್ಕೆ, ೧೯೪೭ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಊರುಗಳಿಗೆ ಈ ಕೂಟಗಳು ಸಾಗಿದುವು. ಬೆಳಗ್ಗೆಯೂ ರಾತ್ರಿಯೂ ಸಭೆ, ಮಧ್ಯಾಹ್ನ ಬಿಡುವು, ಎಲ್ಲರಿಗೂ ಅಲ್ಲಿಯೇ ವಾಸ. ಅಲ್ಲಿ ಹೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು, ಧ್ವನಿಮುದ್ರಿಸುವುದು, ಚಿತ್ರ ತೆಗೆಯುವುದು ನಿಷಿದ್ಧ. ಮುಗಿಯದ ಕೆಲಸವನ್ನು ಭಯವಿಲ್ಲದೆ ಮುಂದಿಡಲು ಈ ನಿಯಮ ಬೇಕೆಂಬ ವಾದದಲ್ಲಿ ಹುರುಳಿದೆ. ಎಳೆಯ ಸಂಶೋಧಕನೊಬ್ಬನು ತನ್ನ ಅರೆಬೆಂದ ವಿಚಾರವನ್ನು ಹಿರಿಯರ ಮುಂದೆ ಹೇಳಲು ಧೈರ್ಯಮಾಡುವುದು ಇಂಥ ಕಡೆಯಲ್ಲಿಯೇ.

ಆದರೆ ಚರಿತ್ರಕಾರನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ೧೯೬೩ರ ಲಂಡನ್ನಿನಲ್ಲಿ ಯಾರು ಏನೆಂದರೆಂಬುದು ನಮಗೆ ತಿಳಿದಿರುವುದು ಸೀಬಾ ಪ್ರತಿಷ್ಠಾನ ಚರ್ಚೆಯನ್ನು ಅಚ್ಚುಮಾಡಿಸಿದ್ದರಿಂದ. ಅದೂ ಸಂಪಾದಕರ ಕೈದಾಟಿ ಬಂದ ಪಾಠ; ಮೇಜಿನ ಸುತ್ತ ಆಡಿದ ಮಾತೇ ಅಲ್ಲ. ಆದರೂ ಪಾಠವೆಂಬುದೊಂದಿದೆ. ೨೦೦೩ರಿಂದ ಈಚಿನ ಸಮ್ಮೇಳನಗಳ ವಿಷಯದಲ್ಲಿ ನಮಗೆ ಸಿಗುವುದು ಕಾರ್ಯಕ್ರಮದ ಪಟ್ಟಿ ಮಾತ್ರ: ಯಾವ ದಿನ, ಯಾವ ಗಂಟೆ, ಯಾರ ಉಪನ್ಯಾಸ, ಯಾರ ಅಧ್ಯಕ್ಷತೆ. ಆಕ್ಷೇಪಣೆ ಎತ್ತಿದವರಾರು, ಅಭಿಪ್ರಾಯ ಬದಲಿಸಿದವರಾರು, ಮಧ್ಯಾಹ್ನದ ಬಿಡುವಿನಲ್ಲಿ ಯಾವ ಎರಡು ತಂಡಗಳು ಕೈಜೋಡಿಸಿದುವು ಎಂಬುದಕ್ಕೆ ದಾಖಲೆಯಿಲ್ಲ. ಹೀಗಾಗಿ ಹೆಸರು ಬಂದ ಮೂರು ದಿನಗಳನ್ನು ನಾವು ಪುಟಪುಟವಾಗಿ ಓದಬಲ್ಲೆವು. ಕ್ಷೇತ್ರ ಬೆಳೆದ ಇಪ್ಪತ್ತು ವರ್ಷಗಳ ಮಾತುಕತೆಯನ್ನು ಓದಲಾರೆವು. ಇದರ ಫಲವಾಗಿ ೧೯೬೩ಕ್ಕೆ ಅದರ ಯೋಗ್ಯತೆಗಿಂತ ಹೆಚ್ಚಿನ ತೂಕ, ೨೦೦೩ರ ಸುತ್ತಿನ ಕಾಲಕ್ಕೆ ಕಡಮೆ ತೂಕ ನಮ್ಮ ಬರಹಗಳಲ್ಲಿ ಬೀಳುವ ಅಪಾಯವಿದೆ. ಪ್ರಕೃತ ಲೇಖನವೂ ಇದಕ್ಕೆ ಹೊರತಲ್ಲ.

ಉಳಿದಿರುವ ದಾರಿ ಸಾಕ್ಷಿಗಳ ಬಾಯಿಮಾತು. ನೊವಿಕಾಫ್ ೧೯೮೭ರಲ್ಲಿ ತೀರಿಕೊಂಡರು. ಡಿ ಡ್ಯೂವ್ ಅವರೊಡನೆ ಈ ಕ್ಷೇತ್ರದ ಮುಖಂಡರಲ್ಲೊಬ್ಬರಾದ ಡೇನಿಯಲ್ ಕ್ಲಿಯೋನ್‌ಸ್ಕಿ ಅವರು ನಡೆಸಿದ ಸಂಭಾಷಣೆ ೨೦೦೮ರಲ್ಲಿ ಅಚ್ಚಾಯಿತು. ಡಿ ಡ್ಯೂವ್ ೨೦೧೩ರ ಮೇ ತಿಂಗಳಲ್ಲಿ ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ನಿಧನರಾದರು. ಬೆತ್ ಲೆವಿನ್ ೨೦೨೦ರಲ್ಲಿ ತೀರಿಕೊಂಡರು. ಪೋರ್ಟ್‌ಲೆಂಡ್ ಪ್ಲೇಸಿನ ಮನೆಯಲ್ಲಿದ್ದ ಪ್ರತಿಷ್ಠಾನ, ಕಂಪೆನಿಗಳ ವಿಲೀನದ ಅನಂತರ ನೋವಾರ್ಟಿಸ್ ಎಂಬ ಹೆಸರನ್ನು ತಾಳಿ, ೨೦೦೮ರಲ್ಲಿ ಮುಚ್ಚಿತು. ಕಟ್ಟಡ ಬ್ರಿಟನ್ನಿನ ವೈದ್ಯಕೀಯ ವಿಜ್ಞಾನಗಳ ಅಕಾಡೆಮಿಗೆ ಸೇರಿತು. ೨೦೦೩ರ ಸಮ್ಮೇಳನಕ್ಕೆ ಹೋಗಿಬಂದವರಲ್ಲಿ ಹಲವರು ಇನ್ನೂ ಕೆಲಸದಲ್ಲಿದ್ದಾರೆ. ಅಲ್ಲಿಯ ನಿಯಮ ಹೇಳಿದವರ ಒಪ್ಪಿಗೆಯನ್ನು ಕೇಳುತ್ತದೆಯೇ ಹೊರತು ಒಪ್ಪಿಗೆ ಕೊಟ್ಟವರ ಬಾಯಿಯನ್ನು ಕಟ್ಟುವುದಿಲ್ಲ.